ಕಾವು ಬೇರೆ, ಬೆಂಕಿ ಬೇರೆ

ಉದ್ದ ಪೋಸ್ಟು, ಪುರುಸೊತ್ತಿದ್ದಾಗ ಓದಿ. ಈ ಸಲ ಮೀಸಲಾತಿ ಬಗ್ಗೆ ಅಲ್ಲ, ಚುನಾವಣೆ ಬಗ್ಗೆಯೂ ಅಲ್ಲ. ಕೋಳಿ ಮರಿ ಬಗ್ಗೆ. ನಗಬೇಡಿ.

ಹೋದ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ನಮ್ಮೂರ ಕೇರಿಯಲ್ಲಿ ಚಿಕ್ಕವ್ವನ ಕೋಳಿ ಶೆಡ್ಡು ರಾತ್ರಿ ಎರಡು ಗಂಟೆ ಹೊತ್ತಿಗೆ ಸುಟ್ಟು ಹೋಯ್ತು. ಶೆಡ್ಡು ಅಂದ್ರೆ ದೊಡ್ಡದೇನಲ್ಲ. ಮನೆಯ ಹಿಂಗೋಡೆಗೆ ಒರಗಿಸಿ ನಿಲ್ಲಿಸಿದ ನಾಲ್ಕು ನೀಲಗಿರಿ ಗಳ, ಮೇಲೆ ತೆಂಗಿನ ಗರಿ, ಸುತ್ತ ಯಾವುದೋ ಚುನಾವಣೆಯ ಹಳೇ ಫ್ಲೆಕ್ಸು. ಒಳಗೆ ಭತ್ತದ ಹೊಟ್ಟಿನ ಮೇಲೆ 60 ಪಿಳ್ಳೆ. ಚಳಿಗೆ ಸಾಯ್ತಾವೆ ಅಂತ ಪೇಟೆಯಿಂದ 250 ವಾಟಿನ ಕೆಂಪು ಬಲ್ಬು ತಂದು, ಪ್ಲಾಸ್ಟಿಕ್ ದಾರದಲ್ಲಿ ಗಳಕ್ಕೆ ಕಟ್ಟಿ ಇಳಿಬಿಟ್ಟಿದ್ರು. ಶಾಖಕ್ಕೆ ದಾರ ಕರಗ್ತು. ಬಲ್ಬು ಹೊಟ್ಟಿನ ಮೇಲೆ ಬಿತ್ತು. ಗೋಡೆಯ ಈಚೆ ಚಿಕ್ಕವ್ವ, ಅವಳ ಇಬ್ಬರು ಮೊಮ್ಮಕ್ಕಳು ಮಲಗಿದ್ರು. ಕಟ್ಟಿದ್ದ ಮೇಕೆ ಒಂದೇ ಸಮನೆ ಅರಚಿದ್ದಕ್ಕೆ ಎಚ್ಚರವಾಗಿ ಹೊರಗೆ ಓಡಿ ಬಂದ್ರು. ಮನುಷ್ಯರು ಉಳಿದ್ರು. ಮೇಕೆಯೂ ಉಳೀತು, ಬೆನ್ನು ಸುಟ್ಕೊಂಡು. ಪಿಳ್ಳೆ ಒಂದೂ ಉಳೀಲಿಲ್ಲ.

ಬೆಳಿಗ್ಗೆ ನೋಡೋಕೆ ಬಂದ ಊರ ಯಜಮಾನರೊಬ್ಬರು, ಮರುಕದಿಂದಲೇ ಅಂದಿರಬಹುದು, "ನಿಮ್ಮೋರಿಗೆ ಕೋಳಿ ಸಾಕೋಕೂ ಬರಲ್ವಲ್ಲೋ" ಅಂದ್ರು.

ಆ ಮಾತು ನನ್ನ ಜೊತೆ ಕಚೇರಿಗೂ ಬಂತು. ಫೈಲು ತಿರುವುತ್ತಾ ಕೂತಿದ್ದಾಗಲೂ ಅದೇ ಕೊರೆಯೋದು. ನಮ್ಮೋರಿಗೆ ಬರಲ್ಲ ಅನ್ನೋದಾದ್ರೆ ಇಷ್ಟು ಕಾಲ ಈ ನಾಡಲ್ಲಿ ಕೋಳಿ ಸಾಕಿದ್ದು ಯಾರು? ಕರೆಂಟೇ ಇಲ್ಲದ ಕಾಲದಲ್ಲಿ ಧನುರ್ಮಾಸದ ಚಳಿ ದಾಟಿ ಪಿಳ್ಳೆಗಳು ಬದುಕಿದ್ದು ಹೇಗೆ? ಸಿಕ್ಕಿದ್ದನ್ನೆಲ್ಲ ಓದಿದೆ, ಕೇರಿಯ ಹಳೇ ಹೆಂಗಸರನ್ನ ಕೂರಿಸಿಕೊಂಡು ಕೇಳಿದೆ. ತಿಳಿದಷ್ಟನ್ನ ಇಲ್ಲಿ ಹಾಕ್ತಿದ್ದೀನಿ.

ಮೊದಲು ನಮ್ಮಜ್ಜಿ. ಹ್ಯಾಟೆ ಮೊಟ್ಟೆ ಇಡೋದು ನಿಲ್ಲಿಸಿ, ಪುಕ್ಕ ಕೆದರಿಕೊಂಡು, ಹತ್ತಿರ ಹೋದ್ರೆ ಗುರ್ ಅಂತ ಕುಟುಕೋಕೆ ಬಂತು ಅಂದ್ರೆ ಅದು ಕಾವಿಗೆ ಬಂದಿದೆ ಅಂತ ಲೆಕ್ಕ. ಅಜ್ಜಿ ಹಳೇ ಮಂಕರಿ ತಗೊಂಡು, ತಳಕ್ಕೆ ಒಂದಿಷ್ಟು ಒಲೆ ಬೂದಿ ಹಾಕಿ, ಮೇಲೆ ರಾಗಿ ಹುಲ್ಲು ಹಾಸಿ, ಹತ್ತೋ ಹನ್ನೆರಡೋ ಮೊಟ್ಟೆ ಇಟ್ಟು, ಸಂಜೆ ಕತ್ತಲಾದ ಮೇಲೆ ಹ್ಯಾಟೆಯನ್ನ ಮೆಲ್ಲಗೆ ಕೂರಿಸ್ತಿದ್ಲು. ಮೊಟ್ಟೆ ಜೊತೆ ಒಂದು ಇದ್ದಿಲು, ಒಂದು ಒಣಮೆಣಸಿನಕಾಯಿ, ಒಂದು ಚೂರು ಕಬ್ಬಿಣ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. (ಇದಕ್ಕೆ ವೈಜ್ಞಾನಿಕ ಕಾರಣ ಹುಡುಕಿ ಕಾಮೆಂಟ್ ಹಾಕಬೇಡಿ ದಯವಿಟ್ಟು. ಅಜ್ಜಿ ಮಾಡಿದ್ದೆಲ್ಲ ವಿಜ್ಞಾನ ಅಂತ ಹೇಳೋ ಜನ ಬೇರೆ ಇದ್ದಾರೆ, ನಾನು ಆ ಗುಂಪಿನವನಲ್ಲ.) 21 ದಿನ ಆದ ಮೇಲೆ ಮಂಕರಿಯಿಂದ ಚಿಂವ್ ಚಿಂವ್ ಶುರು.

ಇಲ್ಲಿ ಸ್ವಲ್ಪ ನಿಂತು ಹೇಳ್ಬೇಕು, ಯಾಕಂದ್ರೆ ಇಡೀ ಕಥೆ ಇರೋದೇ ಇದರಲ್ಲಿ. ಕೋಳಿಯ ಮೈ ನಮ್ಮ ಮೈಗಿಂತ ಬಿಸಿ, 41 ಡಿಗ್ರಿಗೂ ಮೇಲೆ. ಕಾವಿಗೆ ಕೂರೋ ಹ್ಯಾಟೆಯ ಎದೆ ಕೆಳಗಿನ ಪುಕ್ಕ ಉದುರಿ ಬರೀ ಚರ್ಮ ಮೊಟ್ಟೆಗೆ ತಾಗುತ್ತೆ. ಮೊಟ್ಟೆಯಿಂದ ಹೊರಬಂದ ಪಿಳ್ಳೆಗೆ ಮೈಮೇಲೆ ಇರೋದು ಹತ್ತಿಯಂಥ ನವಿರು ಕೂದಲು ಮಾತ್ರ, ಗರಿ ಅಲ್ಲ. ಮೊದಲ ಎರಡು ಮೂರು ವಾರ ತನ್ನ ಮೈಯ ಬಿಸಿಯನ್ನ ತಾನೇ ಕಾಪಾಡ್ಕೊಳ್ಳೋ ಶಕ್ತಿ ಅದಕ್ಕೆ ಸಾಲದು. ಮೊದಲ ವಾರ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಮ್ಮಿಯಾದ್ರೂ ನಡೆಯುತ್ತೆ. ತಾಯಿ ಕೋಳಿ ಇದನ್ನ ಲೆಕ್ಕ ಹಾಕಲ್ಲ. ಚಳಿಯಾದ ಪಿಳ್ಳೆ ರೆಕ್ಕೆ ಕೆಳಗೆ ನುಗ್ಗುತ್ತೆ, ಬಿಸಿಯಾದದ್ದು ತಲೆ ಹೊರಗೆ ಹಾಕುತ್ತೆ, ಹಸಿದದ್ದು ಓಡುತ್ತೆ. ಸ್ವಿಚ್ಚಿಲ್ಲ, ವೈರಿಲ್ಲ. ಅಜ್ಜಿ ರಾತ್ರಿ ತಾಯಿ ಮಕ್ಕಳನ್ನ ಸೇರಿಸಿ ಇನ್ನೊಂದು ಮಂಕರಿ ಬೋರಲು ಹಾಕಿ, ಮೇಲೆ ಹಳೇ ಕಂಬಳಿ ಅರ್ಧ ಮಾತ್ರ ಹೊದಿಸ್ತಿದ್ಲು. ಪೂರ್ತಿ ಹೊದಿಸಿದ್ರೆ ಉಸಿರು ಕಟ್ಟುತ್ತೆ.

ಅವಳದು ಒಂದು ಕಟ್ಟುನಿಟ್ಟು ಇತ್ತು. ಕೋಳಿ ಇರೋ ಮೂಲೆಗೆ ಬುಡ್ಡಿ ದೀಪ ತರಕೂಡದು. ಪಿಳ್ಳೆ ಎಣಿಸೋಕೆ ಅಂತ ನಾನು ಒಂದ್ಸಲ ದೀಪ ಹಿಡ್ಕೊಂಡು ಹೋಗಿ ಬೆನ್ನಿಗೆ ತಿಂದದ್ದು ಇನ್ನೂ ನೆನಪಿದೆ. ಆಗ ಕೇರಿಯಲ್ಲಿ ಹಂಚಿನ ಮನೆ ಬೆರಳೆಣಿಕೆ. ಉಳಿದದ್ದು ಹುಲ್ಲು, ಸೋಗೆ. ಗುಡಿಸಲಿಗೆ ಗುಡಿಸಲು ತಾಗಿಕೊಂಡಿತ್ತು, ಯಾಕಂದ್ರೆ ಊರು ನಮಗೆ ಕೊಟ್ಟ ಜಾಗವೇ ಅಷ್ಟು. ಒಂದಕ್ಕೆ ಹತ್ತಿದ್ರೆ ಸಾಲಿಗೇ ಹತ್ತೋದು. ಬೆಂಕಿ ಅನ್ನೋ ಮಾತು ನಮ್ಮ ಜನಕ್ಕೆ ಬರೀ ಅಪಘಾತದ ಹೆಸರಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನರನ್ನ ಸುಟ್ಟದ್ದು ನಮ್ಮ ಕಣ್ಣೆದುರಿನ ಕಾಲ. ಅದು ಹಚ್ಚಿದ ಬೆಂಕಿ, ಇದು ಹತ್ತಿಕೊಂಡ ಬೆಂಕಿ. ಎರಡನ್ನೂ ಬೆರೆಸಲ್ಲ. ಆದ್ರೆ ಅಜ್ಜಿಯ ಭಯ ಎಲ್ಲಿಂದ ಬಂತು ಅನ್ನೋದು ಅರ್ಥವಾಗ್ಲಿ ಅಂತ ಹೇಳ್ದೆ.

ಕೋಳಿ ನಮ್ಮ ಹಿತ್ತಲಿಗೆ ಬಂದದ್ದರ ಹಿಂದೆಯೂ ಒಂದು ಕಥೆ ಇದೆ. ಊರ ಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2022ರಲ್ಲಿ ಬಂದ ಸಂಶೋಧನೆ ಪ್ರಕಾರ ಸಾಕುಕೋಳಿಯ ಅತಿ ಹಳೆಯ ಮೂಳೆ ಸಿಕ್ಕಿರೋದು ಥಾಯ್ಲೆಂಡಿನ ಬಾನ್ ನೋನ್ ವಾಟ್ ಅನ್ನೋ ಜಾಗದಲ್ಲಿ, ಕ್ರಿಸ್ತಪೂರ್ವ 1650ರಿಂದ 1250ರ ನಡುವಿನದು. ಭತ್ತ, ಸಿರಿಧಾನ್ಯ ಬೆಳೆದ ಕಡೆ ಕಾಳು ಹೆಕ್ಕೋಕೆ ಕಾಡಿನಿಂದ ತಾವೇ ಬಂದವು ಅಂತಾರೆ. ಇದರಲ್ಲಿ ನಮ್ಮ ಪಾಲೂ ಇದೆ. ಇವತ್ತು ಲೋಕದ ಎಷ್ಟೋ ಕೋಳಿಗಳ ಕಾಲು, ಚರ್ಮ ಹಳದಿ ಇರೋದಕ್ಕೆ ಕಾರಣವಾದ ವಂಶಗುಣ ಬಂದದ್ದು ಕೆಂಪು ಕಾಡುಕೋಳಿಯಿಂದ ಅಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ರು. ನಾಗರಹೊಳೆ, ಬಂಡೀಪುರದ ಕಡೆ ಹೋದೋರು ಮುಂಜಾನೆ ಇದರ ಕೂಗು ಕೇಳಿರ್ತೀರಿ.

ಇನ್ನು ಮನುಸ್ಮೃತಿ. ಐದನೇ ಅಧ್ಯಾಯದಲ್ಲಿ ದ್ವಿಜರು ತಿನ್ನಬಾರದ ಪಟ್ಟಿಯಲ್ಲಿ ಅಣಬೆ, ಬೆಳ್ಳುಳ್ಳಿ, ಈರುಳ್ಳಿ, ಊರ ಹಂದಿ ಜೊತೆ ಊರ ಕೋಳಿಯೂ ಇದೆ. ತಿಂದವನು ಪತಿತ. ಕಾಡುಕೋಳಿಗೆ ಅಲ್ಲಿ ಆ ಶಾಪ ಇಲ್ಲ, ನೋಡಿ. ಊರಲ್ಲಿ ಎಲ್ಲರ ಗಲೀಜು ಕೆದಕಿ ತಿನ್ನೋ ಕೋಳಿಗೆ ಮಾತ್ರ. ಹೀಗೆ ಊರು ದೂರ ಇಟ್ಟ ಹಕ್ಕಿಯನ್ನ ಊರು ದೂರ ಇಟ್ಟ ಜನ ಸಾಕಿದ್ರು. ಬರೀ ದಲಿತರೇ ಅಂತಲ್ಲ, ಮುಸ್ಲಿಮರು, ಶೂದ್ರ ಜಾತಿಗಳ ಎಷ್ಟೋ ಮನೆಗಳು ಸಾಕಿವೆ. ಆದ್ರೆ ನೆಲವಿಲ್ಲದ ಕೂಲಿ ಹೆಂಗಸಿಗೆ ಮೇವು, ಕೊಟ್ಟಿಗೆ ಯಾವುದೂ ಬೇಡದೆ ಕೈಗೆ ಕಾಸು ಕೊಡುತ್ತಿದ್ದ ಜೀವ ಕೋಳಿ ಒಂದೇ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುಲ್ಕ ಕಟ್ಟಿದ್ದು ಎರಡು ಹುಂಜ.

ಹಾಗಾದ್ರೆ ತಾಯಿಯೇ ಇಲ್ಲದೆ ಮರಿ ಮಾಡೋ ಯೋಚನೆ ಎಲ್ಲಿಂದ ಬಂತು? ಅದಕ್ಕೆ ಈಜಿಪ್ಟಿಗೆ ಹೋಗ್ಬೇಕು. ಅಲ್ಲಿ ಮೊಟ್ಟೆಯನ್ನ ತಿಪ್ಪೆಯ ಬಿಸಿಯಲ್ಲಿ ಹೂತು ಮರಿ ಮಾಡ್ತಾರೆ ಅಂತ ಎರಡು ಸಾವಿರ ವರ್ಷಕ್ಕೂ ಹಿಂದೆ ಅರಿಸ್ಟಾಟಲ್ ಬರೆದಿದ್ದಾನೆ. ಆಮೇಲೆ ಅಲ್ಲಿನ ಜನ ಹಸಿ ಇಟ್ಟಿಗೆಯ ದೊಡ್ಡ ಗೂಡು ಕಟ್ಟಿದ್ರು. ನಡುವೆ ಓಣಿ, ಎರಡೂ ಕಡೆ ಎರಡು ಅಂತಸ್ತಿನ ಕೋಣೆ, ಕೆಳಗೆ ಸಾವಿರಾರು ಮೊಟ್ಟೆ, ಮೇಲೆ ಸಗಣಿ ಮತ್ತು ಹುಲ್ಲಿನ ಬೆಂಕಿ. ಉರಿಯೋ ಬೆಂಕಿ ಅಲ್ಲ, ಹೊಗೆಯಾಡ್ತಾ ಬೇಯೋ ಬೆಂಕಿ. ಥರ್ಮಾಮೀಟರು ಹುಟ್ಟೇ ಇರಲಿಲ್ಲ. ಕೆಲಸದವನು ಮೊಟ್ಟೆಯನ್ನ ತನ್ನ ಕಣ್ರೆಪ್ಪೆಗೆ ಒತ್ತಿ ಬಿಸಿ ನೋಡ್ತಿದ್ದ. ಆ ವಿದ್ಯೆ ನೈಲ್ ನದಿಯ ಮುಖಜ ಭೂಮಿಯ ಬೆರ್ಮೆ ಅನ್ನೋ ಊರಿನ ಕುಟುಂಬಗಳ ಕೈಯಲ್ಲಿತ್ತು, ಅಪ್ಪನಿಂದ ಮಗನಿಗೆ. ಮಣ್ಣು ಹೊತ್ತಿ ಉರಿಯಲ್ಲ. ಅಷ್ಟು ಬೆಂಕಿ ಇಟ್ಟುಕೊಂಡೂ ಅವರು ಬದುಕಿದ್ದು ಮಣ್ಣಿನ ದೆಸೆಯಿಂದ.

ಈ ಗೂಡುಗಳ ಸುದ್ದಿ ಕೇಳಿ ತಲೆಗೆ ಹುಳ ಬಿಟ್ಕೊಂಡವನು ಫ್ರಾನ್ಸಿನ ರೋಮರ್. ಹೌದು, ಶಾಲೆಯಲ್ಲಿ ಸೆಂಟಿಗ್ರೇಡು, ಫ್ಯಾರನ್‌ಹೀಟು ಆದ ಮೇಲೆ ಮೂರನೇದಾಗಿ ಬರುತ್ತಿದ್ದ ಉಷ್ಣಮಾಪಕದ ರೋಮರ್. 1749ರಲ್ಲಿ ಎಲ್ಲ ಕಾಲದಲ್ಲೂ ಮರಿ ಮಾಡಿಸಿ ಸಾಕೋದು ಹೇಗೆ ಅಂತ ಪುಸ್ತಕವನ್ನೇ ಬರೆದ. ಅವನು ಪೀಪಾಯಿಯನ್ನ ಕುದುರೆ ಲದ್ದಿಯ ತಿಪ್ಪೆಯಲ್ಲಿ ಹೂತು ಮೊಟ್ಟೆಗೆ ಕಾವು ಕೊಟ್ಟ. ನನಗೆ ಇಷ್ಟವಾದದ್ದು ಅವನ ಇನ್ನೊಂದು ಕೆಲಸ. ಹುಟ್ಟಿದ ಪಿಳ್ಳೆಗೆ ಒಂದು ಪೆಟ್ಟಿಗೆ ಮಾಡಿದ, ಒಳಗೆಲ್ಲ ಕುರಿಮರಿಯ ಉಣ್ಣೆ ಚರ್ಮ ಹೊದಿಸಿದ, ಸಣ್ಣದೂ ದೊಡ್ಡದೂ ಬೆನ್ನು ತಾಗಿಸಿ ನಿಲ್ಲಲಿ ಅಂತ ಮುಚ್ಚಳವನ್ನ ಇಳಿಜಾರು ಮಾಡಿದ. ಅದಕ್ಕೆ ಅವನಿಟ್ಟ ಹೆಸರು ಕೃತಕ ತಾಯಿ. ಬಿಸಿ ಬರ್ತಿದ್ದದ್ದು ಕೊಳೆಯೋ ಲದ್ದಿಯಿಂದ. ಜ್ವಾಲೆ ಎಲ್ಲೂ ಇಲ್ಲ. ಪಿಳ್ಳೆಗೆ ಬೇಕಾದ್ದು ಬೆನ್ನಿಗೆ ತಾಗೋ ಮೆತ್ತನೆ ಬಿಸಿ ಅಂತ ಅವನಿಗೆ ಗೊತ್ತಾಗಿತ್ತು.

ಕೆಟ್ಟದ್ದು ಆಮೇಲೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪೆಟಲೂಮ ಊರಲ್ಲಿ 1879ರಲ್ಲಿ ಲೈಮನ್ ಬೈಸ್ ಮತ್ತು ಐಸಾಕ್ ಡಯಾಸ್ ಮಾರಾಟಕ್ಕೆ ಒದಗೋ ಮರಿ ಮಾಡೋ ಪೆಟ್ಟಿಗೆ ಮಾಡಿದ್ರು. ಊರು ಲೋಕದ ಮೊಟ್ಟೆ ಬುಟ್ಟಿ ಅಂತ ಹೆಸರು ಮಾಡ್ತು. ಮರಿ ಸಾವಿರಗಟ್ಟಲೆ, ತಾಯಿ ಒಂದೂ ಇಲ್ಲ. ಅಂಥ ಮರಿಗಳಿಗೆ ಕಾವು ಬಂದದ್ದು ಸೀಮೆಎಣ್ಣೆ ದೀಪದಿಂದ. ಮರದ ಪೆಟ್ಟಿಗೆ, ಒಳಗೆ ಹುಲ್ಲು, ಪಕ್ಕದಲ್ಲಿ ಬತ್ತಿ. ಗಾಳಿ ಬಂದ್ರೆ ಜ್ವಾಲೆ ಮೇಲೇಳುತ್ತೆ, ಮಸಿ ಕಟ್ಟಿದ್ರೆ ಎಣ್ಣೆ ಕಾಯುತ್ತೆ. ಕೋಳಿಮನೆಗಳು ಹೊತ್ತಿಕೊಂಡವು. ನಮ್ಮ ಪೆಟ್ಟಿಗೆ ಅಗ್ನಿ ವಿಮೆಯವರ ಪರೀಕ್ಷೆ ಪಾಸಾಗಿದೆ ಅಂತ ಕಂಪನಿಗಳು ಜಾಹೀರಾತು ಕೊಡೋ ಮಟ್ಟಕ್ಕೆ ಬಂತು. ಅಪಾಯ ಎಷ್ಟಿತ್ತು ಅನ್ನೋಕೆ ಆ ಜಾಹೀರಾತೇ ಸಾಕ್ಷಿ.

ಅದೇ ಅಮೆರಿಕದಲ್ಲಿ ಇನ್ನೊಂದು ದಾರಿಯೂ ಹುಟ್ಟಿತ್ತು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಿನ ಫೈಲೋ ಅನ್ನೋನು ಸುಮಾರು 1910ರ ಹೊತ್ತಿಗೆ ಬೆಂಕಿಯಿಲ್ಲದ ಪೆಟ್ಟಿಗೆಯ ಪ್ರಚಾರ ಮಾಡ್ದ. ಸಣ್ಣ ಪೆಟ್ಟಿಗೆ, ಪಿಳ್ಳೆಗಳ ಬೆನ್ನಿಗೆ ತಾಗೋ ಹಾಗೆ ಜೋತುಬಿದ್ದ ಬಟ್ಟೆಯ ಹೊದಿಕೆ, ಅಷ್ಟೆ. ಪಿಳ್ಳೆಗಳದ್ದೇ ಮೈ ಬಿಸಿ ಹೊರಗೆ ಹೋಗದಂತೆ ಹಿಡಿದಿಡೋದು. ಇಂಗ್ಲೆಂಡಿನಲ್ಲಿ ಸ್ವಲ್ಪ ಬಲಿತ ಮರಿಗಳಿಗೆ ಸುತ್ತ ಒಣಹುಲ್ಲು ತುಂಬಿದ ಪೆಟ್ಟಿಗೆ ಬಳಕೆಯಲ್ಲಿತ್ತು, ಅದಕ್ಕೂ ದೀಪ ಬೇಡ. ಇವೆಲ್ಲ ಸಣ್ಣವರ ಉಪಾಯ. ಸಾವಿರಾರು ಮರಿ ಸಾಕೋ ದೊಡ್ಡವರಿಗೆ ಇದು ಹೊಂದಲ್ಲ. ಲೋಕ ದೊಡ್ಡವರ ಹಿಂದೆ ಹೋಯ್ತು. ಸೀಮೆಎಣ್ಣೆ ಹೋಗಿ ಕರೆಂಟು ಬಂತು, ಕರೆಂಟಿನ ಜೊತೆ 250 ವಾಟಿನ ಶಾಖದ ಬಲ್ಬು ಬಂತು. ಹಂದಿಮರಿ, ಕೋಳಿ ಎಲ್ಲಕ್ಕೂ ಅದೇ.

ಈಗ ಮತ್ತೆ ನಮ್ಮ ಹಿತ್ತಲಿಗೆ ಬನ್ನಿ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹೆಬ್ಬಾಳದಲ್ಲಿ ಗಿರಿರಾಜ ಅನ್ನೋ ತಳಿ ಬಿಡುಗಡೆ ಮಾಡ್ತು. ಬಣ್ಣಬಣ್ಣದ ಗರಿ, ಊರ ಕೋಳಿಗಿಂತ ಬೇಗ ತೂಕ, ಜಾಸ್ತಿ ಮೊಟ್ಟೆ, ಹಿತ್ತಲಲ್ಲೇ ಮೇಯುತ್ತೆ. ಒಳ್ಳೇ ಕೆಲಸ, ಇದರಲ್ಲಿ ಎರಡು ಮಾತಿಲ್ಲ, ನಮ್ಮ ಹೆಂಗಸರ ಕೈಗೆ ದುಡ್ಡು ಬಂದಿದೆ. ಆದ್ರೆ ಮೊಟ್ಟೆ ಜಾಸ್ತಿ ಇಡೋ ತಳಿಯಲ್ಲಿ ಕಾವಿಗೆ ಕೂರೋ ಗುಣ ಕಮ್ಮಿ. ಕಾವಿಗೆ ಕೂತಷ್ಟು ದಿನ ಕೋಳಿ ಮೊಟ್ಟೆ ಇಡಲ್ಲವಲ್ಲ, ತಳಿ ಆರಿಸೋರು ಆ ಗುಣವನ್ನೇ ಆಚೆ ಹಾಕ್ತಾ ಬಂದಿರ್ತಾರೆ. ಹಾಗಾಗಿ ಮರಿಯನ್ನ ಯಂತ್ರದಲ್ಲೇ ಮಾಡಿಸಬೇಕು, ಹೊರಗಿಂದಲೇ ತರಬೇಕು.

ಇದು ಸರ್ಕಾರಕ್ಕೆ ಗೊತ್ತಿರಲಿಲ್ಲ ಅಂತಲ್ಲ. ಬಡವರಿಗೆ ಹಿತ್ತಲ ಕೋಳಿ ಕೊಡೋ ಕೇಂದ್ರದ ಯೋಜನೆಯಲ್ಲಿ ಒಂದು ದಿನದ ಮರಿ ಕೊಡಕೂಡದು, ನಾಲ್ಕು ವಾರ ಸಾಕಿ ಗರಿ ಬಂದ ಮೇಲೆ ಕೊಡಬೇಕು ಅಂತಲೇ ವ್ಯವಸ್ಥೆ ಇತ್ತು. ಆ ನಾಲ್ಕು ವಾರ ಸಾಕೋ ಜಾಗಕ್ಕೆ ಕಾಗದದಲ್ಲಿ ಏನು ಹೆಸರು ಗೊತ್ತಾ? ಮದರ್ ಯೂನಿಟ್. ತಾಯಿ ಘಟಕ. ರೋಮರ್ ಇಟ್ಟ ಹೆಸರೇ ತಿರುಗಿ ಬಂದಿದೆ. ನಾಲ್ಕೈದು ವಾರದ ಮರಿಗೆ ನಮ್ಮ ಹವೆಯಲ್ಲಿ ಬಲ್ಬು ಬೇಕಿಲ್ಲ, ಒಣ ಜಾಗ ಸಾಕು.

ಆದ್ರೆ ಇಂಥ ಯೋಜನೆ ಎಲ್ಲರಿಗೂ ಸಿಗಲ್ಲ. ಅರ್ಜಿ ಹಾಕಿ ಕಾಯೋ ಹೊತ್ತಿಗೆ ಮೊಪೆಡ್ಡಿನಲ್ಲಿ ಬುಟ್ಟಿ ಕಟ್ಕೊಂಡು ಒಂದು ದಿನದ ಮರಿ ಮಾರೋನು ಕೇರಿಗೆ ಬಂದಿರ್ತಾನೆ. ಗರಿ ಬಂದ ಮರಿಗಿಂತ ಅದು ಎಷ್ಟೋ ಅಗ್ಗ. ಅಗ್ಗ ಯಾಕೆ ಅಂದ್ರೆ ನಾಲ್ಕು ವಾರದ ತಾಯಿ ಕೆಲಸವನ್ನ ಅವನು ಬಿಟ್ಟಿದ್ದಾನೆ, ಅದು ಚಿಕ್ಕವ್ವನ ತಲೆಗೆ ಬಂದಿದೆ. ಸಂಘದ ಸಾಲದಲ್ಲಿ ಅವಳು 60 ತಗೊಂಡ್ಲು.

ಅದರ ಜೊತೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯ್ತು. ನಮ್ಮನೆಗೆ ಭಾಗ್ಯಜ್ಯೋತಿಯ ಒಂದೇ ಬಲ್ಬು ಇದ್ದಾಗ ಅವ್ವ ತಬ್ಬಲಿ ಪಿಳ್ಳೆಗಳನ್ನ ರಟ್ಟಿನ ಡಬ್ಬದಲ್ಲಿ ಹಾಕಿ ಆ ಬಲ್ಬಿನ ಕೆಳಗೆ ಇಡ್ತಿದ್ಲು. ಹಳೇ ತಂತಿ ಬಲ್ಬು ತಗೊಂಡ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಶಾಖವಾಗೇ ಹೋಗೋದು. ಬೆಳಕಿನ ಲೆಕ್ಕದಲ್ಲಿ ನಷ್ಟ, ಪಿಳ್ಳೆ ಲೆಕ್ಕದಲ್ಲಿ ಲಾಭ. 2015ರಲ್ಲಿ ಎಲ್‌ಇಡಿ ಯೋಜನೆ ಬಂತು, ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಅಂತ ಹೆಸರು. ಬಿಲ್ಲು ಕಮ್ಮಿಯಾಯ್ತು, ಒಳ್ಳೇದೇ. ಆದ್ರೆ 9 ವಾಟಿನ ಎಲ್‌ಇಡಿ ಕೆಳಗೆ ಪಿಳ್ಳೆ ನಡುಗುತ್ತೆ. 40, 60 ವಾಟಿನ ಹಳೇ ಬಲ್ಬು ಅಂಗಡಿಯಲ್ಲಿ ಅಪರೂಪ ಆಯ್ತು. ಪೇಟೆಯಲ್ಲಿ ಕೇಳಿದ್ರೆ ಕೈಗೆ ಕೊಡೋದು ದೊಡ್ಡ ಫಾರಂಗೆ ಅಂತ ಮಾಡಿದ 250 ವಾಟಿನ ಕೆಂಪು ಬಲ್ಬು. ಕೊಡೋನು ಹೋಲ್ಡರು, ಸರಪಳಿ, ಜಾಲರಿ ಬಗ್ಗೆ ಒಂದು ಮಾತೂ ಆಡಲ್ಲ. 60 ಪಿಳ್ಳೆಗೆ ಅಷ್ಟು ಬೇಕಾಗೂ ಇರಲಿಲ್ಲ. ಮರಿಗೆ ಒಂದರಿಂದ ಎರಡು ವಾಟು ಅನ್ನೋದು ನಮ್ಮಲ್ಲಿ ಎಲ್ಲರೂ ಹೇಳೋ ಲೆಕ್ಕ, ಅಂದ್ರೆ 60ರಿಂದ 120 ವಾಟು.

ಈಗ ಹೇಳಿ, ಕೋಳಿ ಸಾಕೋಕೆ ಬರದೆ ಇದ್ದೋರು ಯಾರು?

ನನ್ನ ಕೆಲಸದ ಕಡೆಯಿಂದ ಒಂದು ವಿಷಯ. ಬೆಂಕಿ ಅನಾಹುತದ ಅರ್ಜಿಗಳು ನನ್ನ ಮೇಜಿನ ಮೇಲೂ ಹಾದು ಹೋಗ್ತವೆ. ಮಹಜರಿನಲ್ಲಿ ಕಾರಣದ ಜಾಗದಲ್ಲಿ "ಶಾರ್ಟ್ ಸರ್ಕ್ಯೂಟ್" ಅಂತ ಒಂದೇ ಪದ. ದಾರ ಕರಗಿದ್ದು, ಹೆಗ್ಗಣ ವೈರು ಕಡಿದದ್ದು, ಬಲ್ಬಿನ ಮೇಲೆ ಹೊಟ್ಟಿನ ದೂಳು ಕೂತು ಕಮಟಿದ್ದು, ಎಲ್ಲವೂ ಆ ಒಂದು ಪದದಲ್ಲಿ ಮುಚ್ಚಿ ಹೋಗುತ್ತೆ. ಹೀಗೆ ಬರೆದ್ರೆ ಮುಂದಿನವರು ಕಲಿಯೋದೇನು? ವಿಪತ್ತು ಪರಿಹಾರದ 2022-26ರ ನಿಯಮದಲ್ಲಿ ಕೋಳಿಗೆ 100 ರೂಪಾಯಿ, ಒಂದು ಕುಟುಂಬಕ್ಕೆ 10,000ದ ಮಿತಿ ಇತ್ತು. ಅದಕ್ಕೂ ಎಣಿಕೆ ಮಹಜರಿನಲ್ಲಿ ಬಂದಿರಬೇಕು. ನಮ್ಮ ಜನ ಸತ್ತ ಕೋಳಿಯನ್ನ ಬೆಳಗಾಗೋದ್ರೊಳಗೆ ಗುಂಡಿಗೆ ಹಾಕಿರ್ತಾರೆ. ದಯವಿಟ್ಟು ಫೋಟೋ ತೆಗೆದು, ಗ್ರಾಮ ಆಡಳಿತ ಅಧಿಕಾರಿ ಬಂದು ಎಣಿಸೋ ತನಕ ಹೂಳಬೇಡಿ.

ಇನ್ನು ಮುಂದಿನ ಚಳಿಗಾಲಕ್ಕೆ. ನಾನು ಕೇಳಿದ ಹೆಂಗಸರು ಹೇಳಿದ್ದು, ಓದಿದ್ದು, ನಾವೇ ಮಾಡಿ ನೋಡಿದ್ದು ಮೂರೂ ಸೇರಿಸಿ ಹೇಳ್ತೀನಿ. ದೊಡ್ಡ ಕೋಳಿಗೆ ನಮ್ಮ ಕಡೆ ಬಿಸಿ ಬೇಕಾಗೇ ಇಲ್ಲ. ಗರಿ ಉಬ್ಬಿಸಿಕೊಂಡು, ಸಾಲಾಗಿ ಒತ್ತಿಕೊಂಡು ಕೂತ್ರೆ ಬೀದರಿನ ಚಳಿಯನ್ನೂ ತಡೀತಾವೆ. ಅವನ್ನ ಕೊಲ್ಲೋದು ಒದ್ದೆ ನೆಲ ಮತ್ತೆ ಮೈಮೇಲೆ ನೇರ ಬೀಸೋ ಗಾಳಿ. ಕೆಳಗಿನ ಅರ್ಧಕ್ಕೆ ಗೋಣಿ ತಾಟು ಕಟ್ಟಿ, ಮೇಲೆ ಒಂದು ಗೇಣು ತೆರೆದೇ ಬಿಡಿ, ಹಿಕ್ಕೆಯ ಘಾಟು ಹೊರಗೆ ಹೋಗ್ಬೇಕು. ಕೂರೋಕೆ ಅಟ್ಟಣೆ ಗಳ ಕೊಡಿ, ನೆಲದಲ್ಲಿ ಮಲಗಿಸಬೇಡಿ.

ಪಿಳ್ಳೆಗೆ ಮಾತ್ರ ಕಾವು ಬೇಕು, ಅದೂ ಮೂರು ನಾಲ್ಕು ವಾರ. ಹದಿನೈದು ಇಪ್ಪತ್ತು ಪಿಳ್ಳೆ ಇದ್ರೆ ರೋಮರ್ ಪೆಟ್ಟಿಗೆಯನ್ನೇ ಮಾಡ್ಬಹುದು. ದೊಡ್ಡ ಡಬ್ಬದೊಳಗೆ ಸಣ್ಣ ಡಬ್ಬ, ನಡುವೆ ರಾಗಿ ಹುಲ್ಲು ತುರುಕಿ. ಹಳೇ ಕಂಬಳಿಯನ್ನ ಪಟ್ಟಿ ಪಟ್ಟಿ ಕತ್ತರಿಸಿ ಪಿಳ್ಳೆ ಬೆನ್ನಿಗೆ ತಾಗೋ ಹಾಗೆ ಇಳಿಬಿಡಿ. ನಡುವೆ ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಕ್ಯಾನು, ಅದಕ್ಕೆ ಗೋಣಿ ಸುತ್ತಿ. ನೀರು 100 ಡಿಗ್ರಿ ದಾಟಲ್ಲ, ಆ ಬಿಸಿಗೆ ಹುಲ್ಲು ಹೊತ್ತಲ್ಲ. ರಾತ್ರಿ ಒಂದೆರಡು ಸಲ ಎದ್ದು ನೀರು ಬದಲಿಸಬೇಕು, ಅದು ಕಷ್ಟವೇ, ಸುಳ್ಳು ಹೇಳಲ್ಲ. ಬಿಸಿ ಸಾಕೋ ಸಾಲದೋ ಅಂತ ಪಿಳ್ಳೆಯೇ ಹೇಳುತ್ತೆ. ಒಂದರ ಮೇಲೊಂದು ಬಿದ್ದು ಕೂಗ್ತಿದ್ರೆ ಚಳಿ, ಅಂಚಿಗೆ ಹೋಗಿ ಬಾಯಿ ಬಿಟ್ಕೊಂಡಿದ್ರೆ ಸೆಕೆ, ಎಲ್ಲವೂ ಒಂದೇ ಬದಿಗೆ ಸರಿದಿದ್ರೆ ಇನ್ನೊಂದು ಬದಿಯಿಂದ ಗಾಳಿ ಬರ್ತಿದೆ.

ಜಾಸ್ತಿ ಪಿಳ್ಳೆ, ಬಲ್ಬು ಬೇಕೇ ಬೇಕು ಅಂದ್ರೆ ಒಂದು ದೊಡ್ಡದರ ಬದಲು ಎರಡು ಸಣ್ಣವು ಹಾಕಿ. ಪಿಂಗಾಣಿ ಹೋಲ್ಡರು, ಬಲ್ಬಿನ ಸುತ್ತ ತಂತಿ ಜಾಲರಿ, ತೂಗು ಹಾಕೋಕೆ ಕಬ್ಬಿಣದ ಸರಪಳಿ, ಅದು ಕಳಚಿದ್ರೂ ಹಿಡಿಯೋಕೆ ಬೇರೆ ಮೊಳೆಗೆ ಇನ್ನೊಂದು ಸರಪಳಿ. ವೈರಿನಲ್ಲೇ ತೂಗು ಹಾಕಬೇಡಿ. 250 ವಾಟಿನದ್ದಾದ್ರೆ ಹೊಟ್ಟಿನಿಂದ ಎರಡು ಅಡಿ ಮೇಲಿರಲಿ. ದಿನಾ ಬೆಳಿಗ್ಗೆ ಆರಿಸಿ, ತಣ್ಣಗಾದ ಮೇಲೆ ದೂಳು ಒರೆಸಿ. ಗೂಡು ಮನೆ ಗೋಡೆಯಿಂದ, ಹುಲ್ಲಿನ ಮೆದೆಯಿಂದ ದೂರ ಇರಲಿ, ಸೂರಿಗೆ ಗರಿ ಬೇಡ, ಸುತ್ತ ಫ್ಲೆಕ್ಸಂತೂ ಬೇಡವೇ ಬೇಡ, ಅದು ಉರಿಯುತ್ತಾ ಕರಗಿ ಹನಿ ಹನಿ ಬೀಳುತ್ತೆ. ಕಂಬಕ್ಕೆ ಕೊಕ್ಕೆ ಹಾಕಿ ತಂದ ಕರೆಂಟಿನಲ್ಲಿ ಈ ಕೆಲಸ ಮಾಡಲೇಬೇಡಿ.

ಇದ್ದಿಲಿನ ಬಗ್ಗೆ ಬೇರೆಯಾಗೇ ಹೇಳ್ತೀನಿ. ಕರೆಂಟು ಹೋಯ್ತು ಅಂತ ಪಿಳ್ಳೆ ಡಬ್ಬವನ್ನ ಮಲಗೋ ಕೋಣೆಗೆ ತಂದು, ಬಾಣಲೆಯಲ್ಲಿ ಕೆಂಡ ಹಾಕಿ, ಬಾಗಿಲು ಹಾಕ್ಕೊಂಡು ಮಲಗೋರಿದ್ದಾರೆ. ಕೆಂಡದಿಂದ ಬರೋ ಇಂಗಾಲದ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಪಿಳ್ಳೆ ಜೊತೆ ಮನುಷ್ಯರೂ ಏಳಲ್ಲ.

ಇನ್ನು ಇದೆಲ್ಲಕ್ಕಿಂತ ಸುಲಭದ್ದು ಒಂದಿದೆ. ಮಾರ್ಚಿನಲ್ಲಿ ಚಿಕ್ಕವ್ವ ಪಕ್ಕದೂರಿನ ತನ್ನ ನಾದಿನಿ ಮನೆಯಿಂದ ಕಾವಿಗೆ ಕೂತಿದ್ದ ಊರ ಹ್ಯಾಟೆಯೊಂದನ್ನ ಸೀರೆ ಸೆರಗಿನಲ್ಲಿ ಮುಚ್ಕೊಂಡು ತಂದ್ಲು. ಬಂಜೆ ಮೊಟ್ಟೆ ಮೇಲೆ ಒಂದು ವಾರ ಕೂರಿಸಿದ್ಲು. ಮೊಪೆಡ್ಡಿನವನ ಹತ್ರ ಹನ್ನೆರಡೇ ಹನ್ನೆರಡು ಗಿರಿರಾಜ ಪಿಳ್ಳೆ ತಗೊಂಡ್ಲು. ರಾತ್ರಿ ಊರೆಲ್ಲ ಮಲಗಿದ ಮೇಲೆ, ಟಾರ್ಚನ್ನೂ ಹಚ್ಚದೆ, ಕೈಯಲ್ಲೇ ತಡವಿ ಒಂದೊಂದೇ ಮೊಟ್ಟೆ ತೆಗೆದು ಅದರ ಜಾಗಕ್ಕೆ ಒಂದೊಂದೇ ಪಿಳ್ಳೆ ತೂರಿಸಿದ್ಲು. ನಾನು ಬಾಗಿಲ ಹತ್ರ ಉಸಿರು ಬಿಗಿಹಿಡಿದು ನಿಂತಿದ್ದೆ. ಮೊದಲೆರಡಕ್ಕೆ ಹ್ಯಾಟೆ ಗುರ್ ಅಂತು. ಆಮೇಲೆ ರೆಕ್ಕೆ ಸ್ವಲ್ಪ ಅಗಲ ಮಾಡ್ತು. ಚಿಂವ್ ಚಿಂವ್ ಸದ್ದು ಒಂದೊಂದಾಗಿ ನಿಂತು ಹೋಯ್ತು.

ಬೆಳಿಗ್ಗೆ ಎಣಿಸಿದಾಗ ಹನ್ನೆರಡೂ ಇದ್ವು. ಇವತ್ತಿಗೆ ಹನ್ನೊಂದಿವೆ, ಒಂದನ್ನ ಹದ್ದು ಹೊತ್ಕೊಂಡು ಹೋಯ್ತು. ಚಿಕ್ಕವ್ವ ಈಗ ನಾದಿನಿಗೆ ಹ್ಯಾಟೆ ವಾಪಸ್ ಕೊಡೋಕೆ ಒಪ್ತಾ ಇಲ್ಲ, ಅದು ಬೇರೆ ಜಗಳ.